ಕ್ಯಾಂಪಿಂಗ್ ಟಾರ್ಪಾಲಿಗೆ ಅಗ್ಗದ ಹಗ್ಗ: ಹಾರ್ಡ್‌ವೇರ್ ಅಂಗಡಿಯಲ್ಲಿ ಆರಿಸುವುದು ಹೇಗೆ?

ಕ್ಯಾಂಪಿಂಗಿನಲ್ಲಿ ಟಾರ್ಪಾಲು ಬಿಗಿದ ಹಗ್ಗ ಎರಡು ತುಂಡಾಗುವುದು ತೀರಾ ಅಪರೂಪ. ಮಳೆಗಾಲದ ರಾತ್ರಿಯಲ್ಲಿ ಕೈಕೊಡುವುದು ಬೇರೆಯವು. ಹಗ್ಗ ನೆನೆದು ಜಗ್ಗಿ ಟಾರ್ಪಾಲು ಜೋಲುತ್ತದೆ, ಗಂಟು ಜಾರುತ್ತದೆ, ಮೆತ್ತಗಿನ ಮಣ್ಣಿಂದ ಗೂಟ ಕಿತ್ತು ಬರುತ್ತದೆ, ಅಂಚಿನ ಅಲ್ಯೂಮಿನಿಯಂ ರಿಂಗು ಹರಿದು ಕೈಗೆ ಬರುತ್ತದೆ. ಕತ್ತಲಲ್ಲಿ ಯಾರೋ ಹಗ್ಗ ಕಾಣದೆ ಎಡವಿ ಬೀಳುವುದೂ ಉಂಟು. ಹೀಗಿದ್ದರೂ ಅಂಗಡಿಗೆ ಹೋದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, "ಗಟ್ಟಿ ಇದೆಯಾ ಅಣ್ಣ?" ಅಂಗಡಿಯವರು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ತೋರಿಸುತ್ತಾರೆ, ನಾವು ಒಪ್ಪಿ ದುಡ್ಡು ಕೊಡುತ್ತೇವೆ.

ಕೇಳಬೇಕಾದ್ದು ಬೇರೆ: ಇದು ಯಾವ ವಸ್ತುವಿನದ್ದು, ನೆನೆದರೆ ಎಷ್ಟು ಜಗ್ಗುತ್ತದೆ, ಗಂಟು ಹಿಡಿಯುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಟ್ರೆಕ್ಕಿಂಗ್ ಸಾಮಾನಿನ ಅಂಗಡಿಯ ದುಬಾರಿ ಹಗ್ಗ ಬೇಕಾಗುವುದಿಲ್ಲ. ಉಳಿದ ದುಡ್ಡಲ್ಲಿ ಒಳ್ಳೆಯ ಗೂಟ ಕೊಳ್ಳಬಹುದು.

ಹಂತ 1: ಎಷ್ಟು ಬಲ ಬೇಕು ಎಂಬ ಲೆಕ್ಕ

9×12 ಅಡಿಯ ಟಾರ್ಪಾಲು ತೆಗೆದುಕೊಳ್ಳಿ. ಇಬ್ಬರು ಮೂವರಿಗೆ ಸಾಕಾಗುವ ಅಳತೆ. ಅದರ ವಿಸ್ತಾರ ಸುಮಾರು 10 ಚದರ ಮೀಟರ್. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಅದಕ್ಕೆ ನೇರವಾಗಿ ಬಡಿದರೆ ಒಟ್ಟು ಒತ್ತಡ ಸುಮಾರು 60 ಕೆ.ಜಿ. ತೂಕದಷ್ಟು. ಗಂಟೆಗೆ 54 ಕಿ.ಮೀ. ಆದರೆ ಸುಮಾರು 140 ಕೆ.ಜಿ. ಗಾಳಿಯ ವೇಗ ಒಂದೂವರೆ ಪಟ್ಟಾದರೆ ಒತ್ತಡ ಎರಡೂಕಾಲು ಪಟ್ಟಾಗುತ್ತದೆ, ಏಕೆಂದರೆ ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. 54 ಕಿ.ಮೀ. ಗಾಳಿಯೆಂದರೆ ಇಡೀ ಮರಗಳು ತೂಗಾಡುವ, ಎದುರು ನಡೆಯಲು ಕಷ್ಟವಾಗುವ ಗಾಳಿ. ಅಂಥ ಗಾಳಿಯಲ್ಲಿ ಟಾರ್ಪಾಲಿನ ಕೆಳಗೆ ಮಲಗುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

140 ಕೆ.ಜಿ.ಯನ್ನು ಆರು ಹಗ್ಗಗಳು ಹಂಚಿಕೊಂಡರೆ ಒಂದಕ್ಕೆ 23 ಕೆ.ಜಿ. ನಿಜದಲ್ಲಿ ಹಂಚಿಕೆ ಸಮವಾಗಿರುವುದಿಲ್ಲ, ಗಾಳಿ ಬೀಸುವುದೂ ಒಂದೇ ಹದದಲ್ಲಲ್ಲ, ಹೊಡೆತ ಹೊಡೆತವಾಗಿ. ಹಾಗಾಗಿ ಮೂರು ಪಟ್ಟು ಹಿಡಿಯೋಣ, ಸುಮಾರು 70 ಕೆ.ಜಿ. ಗಂಟು ಹಾಕಿದ ಜಾಗದಲ್ಲಿ ಹಗ್ಗದ ಬಲ ಅರ್ಧದವರೆಗೂ ಇಳಿಯಬಹುದು, ಆದ್ದರಿಂದ ಮತ್ತೆ ಎರಡು ಪಟ್ಟು. 140 ಆಯಿತು. ಅಂದರೆ 150 ಕೆ.ಜಿ. ತಡೆಯುವ ಹಗ್ಗ ಧಾರಾಳವಾಯಿತು. ಒಳ್ಳೆಯ 3 ಮಿ.ಮೀ. ಪಾಲಿಯೆಸ್ಟರ್ ಹೆಣಿಗೆ ಹಗ್ಗ ಇದಕ್ಕಿಂತ ಹೆಚ್ಚೇ ತಡೆಯುತ್ತದೆ. ಇಷ್ಟು ಎಳೆತ ನಿಜವಾಗಿಯೂ ಬಂದರೆ ಅಗ್ಗದ ಟಾರ್ಪಾಲಿನ ರಿಂಗು ಹಗ್ಗಕ್ಕಿಂತ ಎಷ್ಟೋ ಮೊದಲೇ ಹರಿದಿರುತ್ತದೆ.

ಎರಡು ಮರಗಳ ನಡುವೆ ಕಟ್ಟಿ ಅದರ ಮೇಲೆ ಟಾರ್ಪಾಲು ಹಾಸುವ ನಡುಹಗ್ಗದ ಲೆಕ್ಕ ಮಾತ್ರ ಬೇರೆ. ಮಲೆನಾಡಿನ ಮಳೆಯಲ್ಲಿ ಟಾರ್ಪಾಲಿನ ಒಂದು ಕಡೆ ತಗ್ಗಾಗಿ ನೀರು ನಿಂತಿತು ಎನ್ನಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಸರಾಸರಿ 5 ಸೆಂ.ಮೀ. ಆಳ ಎಂದರೂ 50 ಲೀಟರ್, ಅಂದರೆ 50 ಕೆ.ಜಿ. ಆ ಭಾರ ನಡುಹಗ್ಗದ ಮಧ್ಯಕ್ಕೆ ಬಿದ್ದರೆ, ಹಗ್ಗ ಎಷ್ಟು ಬಿಗಿಯಾಗಿದೆಯೋ ಅಷ್ಟೂ ತೊಂದರೆ. ಹಗ್ಗ ಎರಡೂ ಕಡೆ 15 ಡಿಗ್ರಿಯಷ್ಟು ಇಳಿಬಿದ್ದಿದ್ದರೆ ಅದರ ಮೇಲಿನ ಎಳೆತ ಸುಮಾರು 97 ಕೆ.ಜಿ. ಬರೀ 5 ಡಿಗ್ರಿ ಇದ್ದರೆ ಅದೇ ಭಾರಕ್ಕೆ ಸುಮಾರು 287 ಕೆ.ಜಿ. ತಂಬೂರಿಯ ತಂತಿಯಂತೆ ಬಿಗಿದವರಿಗೆ ಕಾಡುವುದು ಈ ಲೆಕ್ಕ. ಆದ್ದರಿಂದ ನಡುಹಗ್ಗಕ್ಕೆ 4ರಿಂದ 5 ಮಿ.ಮೀ. ದಪ್ಪದ್ದು ಇರಲಿ, ಪಕ್ಕದ ಹಗ್ಗಗಳಿಗೆ 3 ಮಿ.ಮೀ. ಸಾಕು. ಜೊತೆಗೆ ಟಾರ್ಪಾಲಿನ ಇಳಿಜಾರು ಕಡಿದಾಗಿರಲಿ. ನೀರು ನಿಲ್ಲದಿದ್ದರೆ ಈ ಲೆಕ್ಕವೇ ಬೇಡ.

ಹಂತ 2: ಉದ್ದ

ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ದೂರದಲ್ಲಿ ಗೂಟ ಹೊಡೆದರೆ ಹಗ್ಗ 45 ಡಿಗ್ರಿಯಲ್ಲಿ ನಿಲ್ಲುತ್ತದೆ. 1.2 ಮೀಟರ್ ಎತ್ತರದ ಅಂಚಿಗೆ 1.7 ಮೀಟರ್ ಹಗ್ಗ. ಗಂಟು, ಸರಿಹೊಂದಿಸಲು ಜಾಗ, ಕಲ್ಲು ಅಡ್ಡ ಬಂದರೆ ಗೂಟ ಸ್ವಲ್ಪ ಆಚೆ ಹೊಡೆಯಲು ಜಾಗ, ಎಲ್ಲಾ ಸೇರಿ 3 ಮೀಟರ್ ಎಂದಿಟ್ಟುಕೊಳ್ಳಿ. ನಾಲ್ಕು ಮೂಲೆಗೆ 3 ಮೀಟರಿನ ನಾಲ್ಕು, ಪಕ್ಕಗಳ ನಡುವಿಗೆ 2 ಮೀಟರಿನ ಎರಡು. ನಡುಹಗ್ಗಕ್ಕೆ 12 ಮೀಟರ್ ಇದ್ದರೆ ಐದಾರು ಮೀಟರ್ ಅಂತರದ ಮರಗಳಿಗೆ ಸುತ್ತಿ ಬಿಗಿದರೂ ಉಳಿಯುತ್ತದೆ. ಇನ್ನೈದು ಮೀಟರ್ ಕೈಯಲ್ಲಿರಲಿ. ಒಟ್ಟು 33 ಮೀಟರ್. ಸುಮ್ಮನೆ 35 ಕೇಳಿ.

ಹಂತ 3: ಅಂಗಡಿಯ ರಾಟೆಗಳಲ್ಲಿ ಏನಿದೆ?

ನಮ್ಮ ಕಡೆ ಪ್ಲಾಸ್ಟಿಕ್ ಹಗ್ಗವೆಲ್ಲಾ "ನೈಲಾನ್ ಹಗ್ಗ"ವೇ. ದನ ಕಟ್ಟುವ ಕಣ್ಣಿಯಿಂದ ಹಿಡಿದು ಬಾವಿಹಗ್ಗದವರೆಗೆ ಅಂಗಡಿಯವರೂ ಹಾಗೇ ಕರೆಯುತ್ತಾರೆ, ಗಿರಾಕಿಗಳೂ ಹಾಗೇ ಕೇಳುತ್ತಾರೆ. ಮೋಸದ ಮಾತೇನಲ್ಲ, ರೂಢಿ. ಆದರೆ ಹೊಳೆಯುವ ನೀಲಿ, ಹಸಿರು, ಹಳದಿ ಬಣ್ಣದ, ಮುಟ್ಟಿದರೆ ಬಿರುಸೆನಿಸುವ ಆ ಹಗ್ಗಗಳಲ್ಲಿ ಬಹುಪಾಲು ನೈಲಾನ್ ಅಲ್ಲ. ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ, ಅಂದರೆ ಗಟ್ಟಿ ಜಾತಿಯ ಪಾಲಿಥೀನ್. ಇವುಗಳ ಗುಣ ಬೇರೆ, ನೈಲಾನಿನ ಗುಣ ಬೇರೆ.

ಪಾಲಿಪ್ರೊಪಿಲೀನ್ ಮತ್ತು ಎಚ್‌ಡಿಪಿಇ ನೀರು ಕುಡಿಯುವುದಿಲ್ಲ. ನೆನೆದರೂ ತೂಕ ಏರುವುದಿಲ್ಲ, ಮಳೆಯಲ್ಲಿ ಜೋಲುವುದಿಲ್ಲ. ಬೆಲೆಯಲ್ಲಿ ಇವಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ. ತೊಂದರೆ ಎರಡು. ಒಂದು, ಜಾರುತ್ತವೆ: ಮೇಲ್ಮೈ ನುಣುಪು, ಎಳೆಗಳು ಬಿರುಸು, ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಬಿಸಿಲು. ಬಿಸಿಲು ತಡೆಯುವ ರಾಸಾಯನಿಕ ಬೆರೆಸದ ಪಾಲಿಪ್ರೊಪಿಲೀನ್ ನಮ್ಮ ಬೇಸಿಗೆಯಲ್ಲಿ ಕೆಲವೇ ತಿಂಗಳಲ್ಲಿ ಸೊರಗುತ್ತದೆ. ಹಿತ್ತಲಿನಲ್ಲಿ ವರ್ಷಗಟ್ಟಲೆ ಕಟ್ಟಿಬಿಟ್ಟ ಬಟ್ಟೆ ಒಣಗಿಸುವ ಹಗ್ಗವನ್ನು ಮುಟ್ಟಿದಾಗ ಕೈಗೆ ಚುಚ್ಚುವ ಪುಡಿ ಅಂಟುತ್ತದಲ್ಲ, ಅದೇ ಇದು. ಆದರೆ ವರ್ಷಕ್ಕೆ ಕೆಲವು ರಾತ್ರಿ ಮಾತ್ರ ಬಳಸಿ, ಉಳಿದ ದಿನ ಚೀಲದೊಳಗೆ ಇಡುವವರಿಗೆ ಬಿಸಿಲಿನ ಭಯ ಅಷ್ಟಿಲ್ಲ.

ನಿಜವಾದ ನೈಲಾನ್ ಮೃದು, ರೇಷ್ಮೆಯಂತೆ ಜಾರದೆ ಕೈಗೆ ಹಿತವಾಗಿ ಕೂರುತ್ತದೆ, ಬಲದಲ್ಲಿ ಇವೆಲ್ಲಕ್ಕಿಂತ ಮೇಲು. ಅದೇ ನೈಲಾನ್ ಟಾರ್ಪಾಲಿಗೆ ಅಷ್ಟೇನೂ ಒಳ್ಳೆಯದಲ್ಲ. ಅದು ನೀರು ಹೀರುತ್ತದೆ, ಹೀರಿದಾಗ ಜಗ್ಗುತ್ತದೆ, ಬಲವೂ ನೂರಕ್ಕೆ ಹತ್ತು ಹದಿನೈದರಷ್ಟು ಇಳಿಯುತ್ತದೆ. ಬಲ ಇಳಿದರೆ ಪರವಾಗಿಲ್ಲ, ಜಗ್ಗುವುದೇ ತಲೆನೋವು. ಸಂಜೆ ನೀಟಾಗಿ ಬಿಗಿದ ಟಾರ್ಪಾಲು ನಡುರಾತ್ರಿಯ ಮಳೆಗೆ ಸಡಿಲಾಗಿ, ಸಡಿಲಾದಲ್ಲಿ ನೀರು ನಿಂತು, ನಿಂತ ನೀರು ಇನ್ನಷ್ಟು ಜಗ್ಗಿಸಿ, ಕೊನೆಗೆ ಮಲಗಿದವರ ಮೇಲೆ ಸುರಿಯುತ್ತದೆ. ಬಂಡೆ ಹತ್ತುವವರಿಗೆ ನೈಲಾನ್ ಬೇಕಾಗುವುದು ಈ ಜಗ್ಗುವ ಗುಣಕ್ಕಾಗಿಯೇ, ಬಿದ್ದಾಗ ಹೊಡೆತ ನುಂಗಲಿ ಎಂದು. ನಮಗೆ ಬೇಕಾದ್ದು ಅದಕ್ಕೆ ತದ್ವಿರುದ್ಧ.

ಪಾಲಿಯೆಸ್ಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನೀರು ಹೀರುವುದು ನೂರು ಗ್ರಾಂ ಎಳೆಗೆ ಅರ್ಧ ಗ್ರಾಂನಷ್ಟೂ ಇಲ್ಲ, ಜಗ್ಗುವುದು ಕಡಿಮೆ, ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಗಂಟು ಹಿಡಿಯುತ್ತದೆ. ಹಳ್ಳಿಯ ಅಂಗಡಿಗಳಲ್ಲಿ ಪಾಲಿಯೆಸ್ಟರ್ ಎಂದು ಕೇಳಿದರೆ ಸಿಗುವುದು ಕಷ್ಟ. ಕಿಟಕಿಯ ಪರದೆ, ಬ್ಲೈಂಡ್ ಹಾಕಿಕೊಡುವವರ ಬಳಿ ಇರುವ ಬಿಳಿ ಹೆಣಿಗೆ ದಾರ ಬಹುತೇಕ ಪಾಲಿಯೆಸ್ಟರ್. ತೆಳ್ಳಗಿನದು ಪಕ್ಕದ ಚಿಕ್ಕ ಹಗ್ಗಗಳಿಗೆ ಆಗುತ್ತದೆ. ಮನೆಯ ಚಾವಣಿಗೆ ರಾಟೆ ಹಾಕಿ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಬಿಡಿಯಾಗಿ ಸಿಗುವ ಹಗ್ಗದಲ್ಲೂ ಪಾಲಿಯೆಸ್ಟರ್ ಇರುತ್ತದೆ, ನೈಲಾನ್, ಪಾಲಿಪ್ರೊಪಿಲೀನ್ ಕೂಡ ಇರುತ್ತವೆ. ಪರೀಕ್ಷೆ ಮಾಡದೆ ನಂಬಬೇಡಿ. ಬೆಂಗಳೂರಿನವರು ಕೆ.ಆರ್. ಮಾರುಕಟ್ಟೆಯ ಸುತ್ತಲಿನ ಹಗ್ಗದ ಅಂಗಡಿಗಳಲ್ಲಿ ವಿಚಾರಿಸಬಹುದು.

ಕರಾವಳಿಯವರಿಗೆ ಇನ್ನೊಂದು ದಾರಿ ಇದೆ: ಮೀನುಬಲೆಯ ನೂಲು. ಮಲ್ಪೆ, ಮಂಗಳೂರು, ಕಾರವಾರದಂಥ ಬಂದರುಗಳ ಬಳಿ ಬಲೆ ಸಾಮಾನಿನ ಅಂಗಡಿಗಳು ಇದ್ದೇ ಇರುತ್ತವೆ. ಟ್ರಾಲ್ ಬಲೆಗೆ ಬಳಸುವ ಹೊಸೆದ ಎಚ್‌ಡಿಪಿಇ ನೂಲು ಉಪ್ಪುನೀರಿಗೂ ಎಳೆತಕ್ಕೂ ಮಾಡಿದ್ದು. ಬಿರುಸು ಹೌದು, ಕೈಗೆ ಹಿತವಲ್ಲ, ಆದರೆ 2ರಿಂದ 3 ಮಿ.ಮೀ. ನೂಲು ಮೂಲೆ ಹಗ್ಗಗಳಿಗೆ ಚೆನ್ನಾಗಿ ನಡೆಯುತ್ತದೆ.

ಹತ್ತಿ, ಸೆಣಬಿನ ಹಗ್ಗಗಳ ಸ್ವಭಾವ ವಿಚಿತ್ರ. ನೆನೆದಾಗ ಇವು ಕುಗ್ಗಿ ಬಿಗಿಯಾಗುತ್ತವೆ. ಹಳೆಯ ಕ್ಯಾನ್ವಾಸ್ ಡೇರೆಗಳಲ್ಲಿ ಮಳೆ ಬರುವ ಮೊದಲು ಹಗ್ಗ ಸಡಿಲಿಸುತ್ತಿದ್ದರು, ಇಲ್ಲದಿದ್ದರೆ ಗೂಟವನ್ನೇ ಕಿತ್ತುಬಿಡುತ್ತಿದ್ದವು. ಒದ್ದೆಯಾಗಿಯೇ ಮಡಿಸಿಟ್ಟರೆ ಕೊಳೆಯುತ್ತವೆ. ತೆಂಗಿನ ನಾರಿನದು ಕೊಳೆಯುವುದಕ್ಕೆ ಜಗ್ಗುವುದಿಲ್ಲ, ಆದರೆ ಎಳೆತಕ್ಕೆ ಜಗ್ಗುತ್ತದೆ, ದಪ್ಪ, ತೂಕ ಜಾಸ್ತಿ. ಬೇಸಿಗೆಯಲ್ಲಿ ನೆರಳಿಗೆ ಕಟ್ಟುವುದಾದರೆ ಇವೆಲ್ಲ ಸರಿ.

ಮೇಲೆ ಪ್ಲಾಸ್ಟಿಕ್ ಹೊದಿಸಿ ಒಳಗೆ ತಂತಿಯಿಟ್ಟ ಬಟ್ಟೆಹಗ್ಗ ಬೇಡ. ಪಾರ್ಸಲ್ ಕಟ್ಟುವ ಚಪ್ಪಟೆ ಪ್ಲಾಸ್ಟಿಕ್ ಸುತಳಿಯೂ ಬೇಡ.

ಪ್ಯಾರಾಕಾರ್ಡ್ ಬಗ್ಗೆ ಎರಡು ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಪ್ಯಾರಾಶೂಟುಗಳಿಗೆ ಬಳಸಿದ ನೈಲಾನ್ ಹಗ್ಗ ಅದು. "550" ಎಂದರೆ 550 ಪೌಂಡ್, ಸುಮಾರು 250 ಕೆ.ಜಿ. ತಡೆಯುತ್ತದೆ ಎಂದರ್ಥ. ಸುಮಾರು 4 ಮಿ.ಮೀ. ದಪ್ಪ, ಹೊರಗೆ ಹೆಣೆದ ಕವಚ, ಒಳಗೆ ಏಳು ಎಳೆ. ಚೆಂದದ ಹಗ್ಗ, ಬಿಚ್ಚಿದರೆ ಹೊಲಿಗೆಗೂ ಆಗುವ ದಾರ ಸಿಗುತ್ತದೆ. ಆದರೆ ನೈಲಾನಿನ ಜಗ್ಗುವ ಗುಣ ಎಲ್ಲಿ ಹೋಗುತ್ತದೆ? ಆನ್‌ಲೈನಿನಲ್ಲಿ "550" ಎಂದು ಬರೆದು ಅಗ್ಗಕ್ಕೆ ಮಾರುವುದರಲ್ಲಿ ಒಳಗೆ ಎಷ್ಟು ಎಳೆಯಿದೆ ಎಂದು ತುದಿ ಕತ್ತರಿಸಿ ಎಣಿಸಿ. ಕೆಲವು ಪಾಲಿಯೆಸ್ಟರಿನವೂ ಇರುತ್ತವೆ. ಟಾರ್ಪಾಲಿಗಾದರೆ ಆ "ನಕಲಿ"ಯೇ ಅಸಲಿಗಿಂತ ಒಳ್ಳೆಯದು.

ಹಂತ 4: ಎರಡು ಲೋಟ ನೀರಿನ ಪರೀಕ್ಷೆ

ಅಂಗಡಿಯವರನ್ನು ಕೇಳಿ ಒಂದು ಗೇಣು ಹಗ್ಗ ಸ್ಯಾಂಪಲ್ ತನ್ನಿ. ಯಾರೂ ಇಲ್ಲ ಎನ್ನುವುದಿಲ್ಲ.

ಮೊದಲ ಲೋಟದಲ್ಲಿ ಸಾದಾ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಹಗ್ಗದ ಬೆರಳುದ್ದದ ತುಂಡಿನ ಎಳೆ ಬಿಡಿಸಿ ನೀರಿನೊಳಗೆ ಅದುಮಿ ಗುಳ್ಳೆಗಳನ್ನೆಲ್ಲಾ ಹೊರಡಿಸಿ ಕೈಬಿಡಿ. ತೇಲಿತೇ? ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ, ಎರಡೂ ನೀರಿಗಿಂತ ಹಗುರ. ಮುಳುಗಿತೇ? ನೈಲಾನ್ ಅಥವಾ ಪಾಲಿಯೆಸ್ಟರ್.

ಇವೆರಡರಲ್ಲಿ ಯಾವುದು ಎಂದು ತಿಳಿಯಲು ಎರಡನೇ ಲೋಟ. 200 ಮಿ.ಲೀ. ನೀರಿಗೆ 80 ಗ್ರಾಂನಷ್ಟು ಉಪ್ಪು ಹಾಕಿ ಕಲಕಿ, ತಳದಲ್ಲಿ ಸ್ವಲ್ಪ ಉಪ್ಪು ಕರಗದೆ ಉಳಿಯಬೇಕು. ಆ ತಿಳಿಯ ಸಾಂದ್ರತೆ ಸುಮಾರು 1.2. ನೈಲಾನಿನದು 1.14, ಪಾಲಿಯೆಸ್ಟರಿನದು 1.38. ಹಾಗಾಗಿ ಗಟ್ಟಿ ಉಪ್ಪುನೀರಿನಲ್ಲಿ ನೈಲಾನ್ ತೇಲುತ್ತದೆ, ಪಾಲಿಯೆಸ್ಟರ್ ಮುಳುಗುತ್ತದೆ. ಇಲ್ಲೂ ಗುಳ್ಳೆ ಹೋಗುವವರೆಗೆ ಅದುಮಬೇಕು, ಇಲ್ಲದಿದ್ದರೆ ಪಾಲಿಯೆಸ್ಟರ್ ಕೂಡ ತೇಲಿ ದಾರಿ ತಪ್ಪಿಸುತ್ತದೆ. ಹೊರಕವಚ, ಒಳತಿರುಳು ಎರಡಿರುವ ಹಗ್ಗವಾದರೆ ಬೇರೆ ಬೇರೆ ಮಾಡಿ ಹಾಕಿ. ಕವಚ ಪಾಲಿಯೆಸ್ಟರ್, ತಿರುಳು ಪಾಲಿಪ್ರೊಪಿಲೀನ್ ಎಂಬ ಮಿಶ್ರಣ ಸಾಮಾನ್ಯ, ಅದೇನೂ ಕೆಟ್ಟದ್ದಲ್ಲ.

ಸುಟ್ಟು ನೋಡುವ ಪದ್ಧತಿಯೂ ಇದೆ. ಮೇಣದಬತ್ತಿಯ ವಾಸನೆ ಬಂದು ಉರಿಯುತ್ತಲೇ ಹೋದರೆ ತೇಲುವ ಜಾತಿ. ಕಪ್ಪು ಮಸಿಹೊಗೆ ಬಂದರೆ ಪಾಲಿಯೆಸ್ಟರ್ ಇರಬಹುದು. ಕಾಗದ ಸುಟ್ಟ ವಾಸನೆ ಬಂದು ಬೂದಿ ಉಳಿದರೆ ಹತ್ತಿ ಅಥವಾ ಸೆಣಬು. ಬಯಲಲ್ಲಿ, ಇಕ್ಕಳದಲ್ಲಿ ಹಿಡಿದು ಮಾಡಬೇಕು, ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ನನಗಂತೂ ಉಪ್ಪುನೀರಿನ ಮೇಲೇ ಹೆಚ್ಚು ನಂಬಿಕೆ.

ಕೊಂಡು ತಂದ ಮೇಲೆ ಇನ್ನೊಂದು ನೋಡಬಹುದು. 3 ಮೀಟರ್ ಹಗ್ಗವನ್ನು ಮೇಲಿಂದ ಇಳಿಬಿಟ್ಟು ಕೆಳಗೆ 10 ಲೀಟರ್ ಬಕೆಟ್ ನೀರು ಕಟ್ಟಿ. ಬಕೆಟ್ಟಿನ ತಳ ಇರುವ ಎತ್ತರಕ್ಕೆ ಗೋಡೆಯ ಮೇಲೆ ಗುರುತು ಹಾಕಿ. ಹಗ್ಗಕ್ಕೆ ಚೆನ್ನಾಗಿ ನೀರು ಹಾಕಿ ಒಂದು ಗಂಟೆ ಬಿಡಿ. ಗುರುತಿನಿಂದ ಎಷ್ಟು ಇಳಿದಿದೆಯೋ ರಾತ್ರಿಯ ಮಳೆಯಲ್ಲಿ ಅದೇ ಪಾಡು. ಎರಡು ಹಗ್ಗ ಅಕ್ಕಪಕ್ಕ ತೂಗುಹಾಕಿದರೆ ಯಾವುದು ವಾಸಿ ಎಂದು ಕಣ್ಣಿಗೇ ಕಾಣುತ್ತದೆ.

ಹಂತ 5: ದಪ್ಪ, ಹೆಣಿಗೆ, ಬಣ್ಣ

ದಪ್ಪ ಅಳೆಯಲು ಸಾಧನ ಬೇಡ. ಪೆನ್ಸಿಲ್ಲಿಗೆ ಒತ್ತೊತ್ತಾಗಿ ಹತ್ತು ಸುತ್ತು ಸುತ್ತಿ, ಸ್ಕೇಲಿನಲ್ಲಿ ಅಳೆದು ಹತ್ತರಿಂದ ಭಾಗಿಸಿ. ಅಂಗಡಿಯಲ್ಲಿ "4 ಎಂಎಂ" ಎಂದದ್ದು 3.3 ಬರುವುದು ಹೊಸದಲ್ಲ. 2 ಮಿ.ಮೀ.ಗಿಂತ ತೆಳುವಾದದ್ದು ಬಲದಲ್ಲಿ ಸಾಲಬಹುದು, ಆದರೆ ಎಳೆಯುವಾಗ ಅಂಗೈ ಕೊಯ್ಯುತ್ತದೆ, ನೆನೆದ ಗಂಟು ಕಗ್ಗಂಟಾಗುತ್ತದೆ, ಕಣ್ಣಿಗೂ ಕಾಣುವುದಿಲ್ಲ.

ಹೊಸೆದ ಮೂರೆಳೆ ಹಗ್ಗ ಅಗ್ಗ, ಗಂಟು ಹಿಡಿಯುವುದೂ ಚೆನ್ನ. ಆದರೆ ಭಾರ ಬಿದ್ದಾಗ ತಿರುಚಿಕೊಳ್ಳುತ್ತದೆ, ತುದಿ ಬಿಚ್ಚಿದರೆ ಮೊಳದುದ್ದ ಎಳೆ ಹರಡಿಬಿಡುತ್ತದೆ. ಹೆಣೆದ ಹಗ್ಗ ತಿರುಚುವುದಿಲ್ಲ, ಚೀಲದಲ್ಲಿ ಸಿಕ್ಕಾಗುವುದು ಕಡಿಮೆ. ಹೆಣಿಗೆ ಒತ್ತಾಗಿರಬೇಕು. ಎರಡು ಬೆರಳಲ್ಲಿ ಹಿಸುಕಿದಾಗ ಚಪ್ಪಟೆಯಾಗಿ ಟೊಳ್ಳೆನಿಸಿದರೆ ಬಿಟ್ಟುಬಿಡಿ.

ಬಣ್ಣ ಬಿಳಿ, ಹಳದಿ, ಕಿತ್ತಳೆ ಇರಲಿ. ಕಪ್ಪು, ಹಸಿರು, ಸೈನ್ಯದ ಬಣ್ಣ ಫೋಟೋಕ್ಕೆ ಚೆಂದ, ರಾತ್ರಿ ಮೂತ್ರಕ್ಕೆ ಎದ್ದವರಿಗೆ ಚೆಂದವಲ್ಲ. ಬೆಳಕು ಬಿದ್ದರೆ ಹೊಳೆಯುವ ದಾರ ಸೇರಿಸಿ ಹೆಣೆದ ಹಗ್ಗ ಸಿಗುತ್ತದೆ, ಬೆಲೆ ಜಾಸ್ತಿ. ಹಳೇ ಬಿಳಿ ಬನಿಯನ್ನಿನ ಪಟ್ಟಿಯನ್ನೋ ಸೈಕಲ್ಲಿಗೆ ಅಂಟಿಸುವ ರಿಫ್ಲೆಕ್ಟರ್ ಟೇಪಿನ ತುಂಡನ್ನೋ ಪ್ರತಿ ಹಗ್ಗದ ನಡುವೆ ಕಟ್ಟಿದರೆ ಅದೇ ಕೆಲಸ ಆಗುತ್ತದೆ.

ಹಂತ 6: ದರ ಕೇಳುವ ರೀತಿ

ಪ್ಲಾಸ್ಟಿಕ್ ಹಗ್ಗ ಸಾಮಾನ್ಯವಾಗಿ ಕೆ.ಜಿ. ಲೆಕ್ಕದಲ್ಲಿ, ಹೆಣಿಗೆ ಹಗ್ಗ ಮೀಟರ್ ಅಥವಾ ಬಂಡಲ್ ಲೆಕ್ಕದಲ್ಲಿ ಮಾರಾಟ. ಹೋಲಿಸಬೇಕಾದರೆ ಮೀಟರಿಗೆ ತನ್ನಿ. 4 ಮಿ.ಮೀ. ಪಾಲಿಪ್ರೊಪಿಲೀನ್ ಮೀಟರಿಗೆ 7 ಗ್ರಾಂ ಚಿಲ್ಲರೆ, ಕೆ.ಜಿ.ಗೆ ಸುಮಾರು 135 ಮೀಟರ್ ಬರುತ್ತದೆ. ಅದೇ ದಪ್ಪದ ಪಾಲಿಯೆಸ್ಟರ್ ಮೀಟರಿಗೆ ಸುಮಾರು 12 ಗ್ರಾಂ, ಕೆ.ಜಿ.ಗೆ 80 ಮೀಟರ್ ಆಸುಪಾಸು. ಹಾಗಾಗಿ ಕೆ.ಜಿ. ದರ ಒಂದೇ ಇದ್ದರೂ ಪಾಲಿಯೆಸ್ಟರ್ ಮೀಟರಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ನಮಗೆ ಬೇಕಾದ 35 ಮೀಟರ್ ಪಾಲಿಪ್ರೊಪಿಲೀನ್ ಸುಮಾರು ಕಾಲು ಕೆ.ಜಿ. ಅಷ್ಟೇ. ಪೂರ್ತಿ ಉರುಳೆ ಕೊಳ್ಳುವುದಾದರೆ ಸ್ನೇಹಿತರ ಜೊತೆ ಹಂಚಿಕೊಳ್ಳಿ.

ನನ್ನನ್ನು ಕೇಳಿದರೆ, ನಡುಹಗ್ಗಕ್ಕೆ ಪಾಲಿಯೆಸ್ಟರ್ ಹುಡುಕಿ ತನ್ನಿ, ಪಕ್ಕದವಕ್ಕೆ ಪಾಲಿಪ್ರೊಪಿಲೀನ್ ಸಾಕು. ನಡುಹಗ್ಗ ಜೋತರೆ ಇಡೀ ಟಾರ್ಪಾಲು ಜೋಲುತ್ತದೆ, ಅಲ್ಲಿ ಜಿಪುಣತನ ಬೇಡ.

ಹಂತ 7: ಮನೆಯಲ್ಲೇ ಕತ್ತರಿಸಿ ಸಿದ್ಧಮಾಡಿ

ಕತ್ತರಿಸುವ ಜಾಗಕ್ಕೆ ಟೇಪು ಸುತ್ತಿ, ನಡುವೆ ಕತ್ತರಿಸಿ, ತುದಿಯನ್ನು ಲೈಟರಿನ ಉರಿಗೆ ಹಿಡಿದು ಕರಗಿಸಿ. ಪಾಲಿಪ್ರೊಪಿಲೀನ್ 165 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕರಗುತ್ತದೆ, ಉರಿಯನ್ನು ತಾಕಿಸಿದ ಕೂಡಲೇ ತೆಗೆಯಿರಿ. ಪಾಲಿಯೆಸ್ಟರಿಗೆ 255 ಡಿಗ್ರಿ ದಾಟಬೇಕು, ಸ್ವಲ್ಪ ಹೊತ್ತು ಹಿಡಿಯಬೇಕು. ಬಿಸಿಯಿದ್ದಾಗ ಬರಿಗೈಯಲ್ಲಿ ಹೊಸೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒತ್ತಿ. ಕವಚವಿರುವ ಹಗ್ಗವಾದರೆ ಕವಚವನ್ನು ತುದಿಯ ಕಡೆಗೆ ಎಳೆದು ತಿರುಳು ಮುಚ್ಚಿದ ಮೇಲೆ ಕರಗಿಸಿ. ಹತ್ತಿ, ಸೆಣಬಿಗೆ ದಾರ ಸುತ್ತಿ ಕಟ್ಟುವುದೊಂದೇ ದಾರಿ.

ಪ್ರತಿ ಹಗ್ಗದ ಒಂದು ತುದಿಗೆ ಜಾರದ ಕುಣಿಕೆ ಹಾಕಿಟ್ಟುಕೊಳ್ಳಿ. ರಿಂಗಿನೊಳಗೆ ಕುಣಿಕೆ ತೂರಿಸಿ, ಹಗ್ಗದ ಇನ್ನೊಂದು ತುದಿಯನ್ನು ಕುಣಿಕೆಯೊಳಗಿಂದ ಎಳೆದರೆ ಆಯಿತು, ಮಳೆಯಲ್ಲಿ ಗಂಟು ಹಾಕುತ್ತಾ ನಿಲ್ಲಬೇಕಿಲ್ಲ.

ಗಾಳಿಯ ಹೊಡೆತಕ್ಕೆ ರಿಂಗು ಹರಿಯದಂತೆ ಮಾಡಲು ಪಂಕ್ಚರ್ ಅಂಗಡಿಗೆ ಹೋಗಿ. ಹಳೇ ಸೈಕಲ್ ಟ್ಯೂಬು ಕೇಳಿದರೆ ಸುಮ್ಮನೇ ಕೊಡುತ್ತಾರೆ. ಎರಡು ಬೆರಳಗಲದ ಉಂಗುರಗಳಾಗಿ ಕತ್ತರಿಸಿ, ರಿಂಗು ಮತ್ತು ಹಗ್ಗದ ನಡುವೆ ಒಂದೊಂದು ಸೇರಿಸಿ. ಜೊತೆಗೆ ಆ ಉಂಗುರಕ್ಕೆ ಸಮಾನಾಂತರವಾಗಿ ಗೇಣುದ್ದದ ಸಡಿಲ ದಾರವೊಂದನ್ನು ಕಟ್ಟಿ. ರಬ್ಬರು ಅತಿಯಾಗಿ ಎಳೆದಾಗ ದಾರ ಬಿಗಿಯಾಗಿ ತಡೆಯುತ್ತದೆ, ರಬ್ಬರು ಹರಿದರೂ ಟಾರ್ಪಾಲು ಹಾರುವುದಿಲ್ಲ.

ರಿಂಗು ಆಗಲೇ ಹರಿದಿದ್ದರೆ ಆ ಜಾಗದಲ್ಲಿ ನಿಂಬೆಗಾತ್ರದ ದುಂಡು ಕಲ್ಲನ್ನು ಟಾರ್ಪಾಲಿನ ಒಳಗಿಂದ ಒತ್ತಿ, ಹೊರಗಿನಿಂದ ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿದು ಕಟ್ಟಿ. ಚೂಪು ಕಲ್ಲು ಬೇಡ.

ಹಂತ 8: ಕಟ್ಟುವಾಗ

ಮರಕ್ಕೆ ತೆಳ್ಳನೆಯ ಹಗ್ಗ ನೇರವಾಗಿ ಬಿಗಿದರೆ ತೊಗಟೆ ಕತ್ತರಿಸುತ್ತದೆ. ಮಂಚಕ್ಕೆ ನೇಯುವ ನವಾರು ಪಟ್ಟಿಯ ತುಂಡು ಅಥವಾ ಮಡಿಸಿದ ಗೋಣಿಚೀಲ ನಡುವೆ ಇಡಿ. ಒಣಗಿದ ಮರಕ್ಕೆ, ಒಣಕೊಂಬೆ ತೂಗುವ ಮರದ ಕೆಳಗೆ ಕಟ್ಟಲೇಬೇಡಿ. ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ ಎಂಬುದು ಗೊತ್ತಿರಲಿ. ಎಸ್ಟೇಟು, ತೋಟಗಳಲ್ಲಾದರೆ ಮಾಲೀಕರನ್ನು ಕೇಳಿ, ಯಾವ ಮರಕ್ಕೆ ಕಟ್ಟಬಹುದು ಎಂದೂ ಕೇಳಿ. ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಹಗ್ಗ ಬಿಗಿದರೆ ಯಾರಿಗೂ ಹಿಡಿಸುವುದಿಲ್ಲ.

ನಡುಹಗ್ಗ ಬಿಗಿಯಲು ಲಾರಿಯವರ ಗಂಟು ಕಲಿತರೆ ಸಾಕು. ಲೋಡಿನ ಮೇಲೆ ಟಾರ್ಪಾಲು ಬಿಗಿಯುವಾಗ ಕ್ಲೀನರ್ ಹುಡುಗರು ಹಾಕುವುದು ಇದನ್ನೇ. ಹಗ್ಗದ ನಡುವೆ ಒಂದು ಜೀರುಗುಣಿಕೆ ಮಾಡಿ. ತುದಿಯನ್ನು ಮರಕ್ಕೆ ಸುತ್ತಿ ತಂದು ಆ ಕುಣಿಕೆಯೊಳಗೆ ತೂರಿಸಿ ಹಿಂದಕ್ಕೆ ಎಳೆಯಿರಿ. ಕಾಗದದ ಲೆಕ್ಕದಲ್ಲಿ ಕೈಬಲ ಮೂರು ಪಟ್ಟಾಗುತ್ತದೆ, ಉಜ್ಜಾಟದಲ್ಲಿ ಒಂದಷ್ಟು ಹೋಗುತ್ತದೆ. ಬಿಗಿಯಾದ ಮೇಲೆ ಕುಣಿಕೆಯ ಬಳಿ ಬೆರಳಲ್ಲಿ ಒತ್ತಿಹಿಡಿದು ಎರಡು ಅರೆಗಂಟು ಹಾಕಿ. ಪಾಲಿಪ್ರೊಪಿಲೀನ್ ಹಗ್ಗದಲ್ಲಿ ಜೋರಾಗಿ, ಸರಕ್ಕನೆ ಎಳೆಯಬೇಡಿ; ಹಗ್ಗಕ್ಕೆ ಹಗ್ಗ ಉಜ್ಜಿದ ಬಿಸಿಗೆ ಅದು ಸವೆದು ಕರಗುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ಕುಣಿಕೆ ಮಾಡಲೂಬೇಡಿ.

ಗೂಟದ ಕಡೆಗೆ ಬೇಕಾದಂತೆ ಸರಿಸಬಹುದಾದ ಗಂಟು ಬೇಕು. ಹಗ್ಗವನ್ನು ಗೂಟಕ್ಕೆ ಸುತ್ತಿ ಹಿಂದಕ್ಕೆ ತಂದು, ಬಿಗಿಯಾದ ಹಗ್ಗದ ಸುತ್ತ ಗೂಟದ ಕಡೆಗೆ ಸಾಗುವಂತೆ ಒಳಗೆ ಎರಡು ಸುತ್ತು, ಆಮೇಲೆ ಅದೇ ದಿಕ್ಕಿನಲ್ಲಿ ಆ ಸುತ್ತುಗಳ ಆಚೆಬದಿಗೆ, ಟಾರ್ಪಾಲಿನ ಕಡೆ, ಒಂದು ಸುತ್ತು ಹಾಕಿ ತುದಿ ತೂರಿಸಿ. ಕೈಯಲ್ಲಿ ಸರಿಸಿದರೆ ಸರಿಯುತ್ತದೆ, ಎಳೆತ ಬಿದ್ದರೆ ನಿಲ್ಲುತ್ತದೆ. ನುಣುಪು ಹಗ್ಗದಲ್ಲಿ ಒಳಗಿನ ಸುತ್ತು ಎರಡರ ಬದಲು ಮೂರು ನಾಲ್ಕಾಗಲಿ. ಆಗಲೂ ಜಾರಿದರೆ ಬೆರಳುದ್ದದ ಮರದ ತುಂಡಿಗೆ ಎರಡು ತೂತು ಕೊರೆದು ಹಳೇ ಡೇರೆಗಳಲ್ಲಿದ್ದಂಥ ಸರಿತುಂಡು ಮಾಡಿಕೊಳ್ಳಿ. ಹಗ್ಗದ ತುದಿ ಒಂದು ತೂತಿನಲ್ಲಿ ಹೋಗಿ, ಗೂಟ ಸುತ್ತಿ, ಇನ್ನೊಂದು ತೂತಿನಲ್ಲಿ ಬಂದು ಹಿಂದೆ ಗಂಟಾಗಬೇಕು. ತುಂಡು ಓರೆಯಾಗಿ ನಿಂತು ಕಚ್ಚಿಕೊಳ್ಳುತ್ತದೆ.

ಗೂಟದ ತಲೆ ಟಾರ್ಪಾಲಿನಿಂದ ಆಚೆ ವಾಲಿರಲಿ, ಹಗ್ಗಕ್ಕೂ ಗೂಟಕ್ಕೂ ಹೆಚ್ಚುಕಡಿಮೆ ಲಂಬಕೋನ ಬರಬೇಕು. ಕೆಸರು ನೆಲವಾದರೆ ಗೂಟದ ಮೇಲೆ ದೊಡ್ಡ ಕಲ್ಲು ಹೇರಿ.

ನಡುಹಗ್ಗದ ಗುಂಟ ಮಳೆನೀರು ಹರಿದು ಟಾರ್ಪಾಲಿನ ಕೆಳಗೇ ಬರುತ್ತದೆ, ಇದನ್ನು ಬಹಳ ಜನ ಟಾರ್ಪಾಲೇ ಸೋರುತ್ತಿದೆ ಎಂದುಕೊಳ್ಳುತ್ತಾರೆ. ಟಾರ್ಪಾಲಿನ ಅಂಚಿಗಿಂತ ನಾಲ್ಕು ಬೆರಳು ಹೊರಗೆ, ಎರಡೂ ಕಡೆ, ನಡುಹಗ್ಗಕ್ಕೆ ಗೇಣುದ್ದದ ಹತ್ತಿ ದಾರ ಕಟ್ಟಿ ಇಳಿಬಿಡಿ. ನೀರು ಆ ದಾರ ಹಿಡಿದು ಅಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತದೆ.

ಮಲಗುವ ಮುಂಚೆ ಒಂದು ಸುತ್ತು ಹೋಗಿ ಎಲ್ಲವನ್ನೂ ಬಿಗಿಯಿರಿ. ನೈಲಾನ್ ಬಳಸಿದವರು ಮೊದಲ ಮಳೆ ಬಂದ ಮೇಲೆ ಮತ್ತೊಮ್ಮೆ ಏಳಬೇಕು.

ಈ ಹಗ್ಗ ಯಾವುದೂ ಮನುಷ್ಯರ ಭಾರಕ್ಕಲ್ಲ. ಹ್ಯಾಮಾಕ್ ಕಟ್ಟಲು, ಜಲಪಾತದ ಬಳಿ ಹಿಡಿದು ಇಳಿಯಲು, ಮಕ್ಕಳ ಜೋಕಾಲಿಗೆ ಇದನ್ನು ತೆಗೆಯಬೇಡಿ. 250 ಕೆ.ಜಿ. ಎಂದು ಬರೆದಿದ್ದರೂ ಸರಿಯೇ, ಅದು ನಿಧಾನವಾಗಿ ಎಳೆದಾಗಿನ ಲೆಕ್ಕ.

ಹಂತ 9: ಬಿಚ್ಚಿ ತಂದ ಮೇಲೆ

ಹೆಬ್ಬೆರಳು, ಕಿರುಬೆರಳಿನ ನಡುವೆ ಎಂಟರ ಆಕಾರದಲ್ಲಿ ಸುತ್ತಿ, ಕೊನೆಯ ಮೊಳವನ್ನು ನಡುವಿಗೆ ಸುತ್ತಿ ಸಿಕ್ಕಿಸಿ. ಒಂದೊಂದು ಹಗ್ಗ ಬೇರೆ ಬೇರೆ ಕಂತೆ. ಮೊಳಕೈಗೆ ಸುತ್ತಿದರೆ ಸುತ್ತಿಗೊಂದು ತಿರುವು ಕೂಡಿ ಮುಂದಿನ ಸಲ ಸಿಕ್ಕು ಬಿಡಿಸುವುದೇ ಕೆಲಸವಾಗುತ್ತದೆ. ಕೆಸರಾಗಿದ್ದರೆ ಸಾದಾ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಮರಳಿನ ಕಣ ಒಳಗೆ ಕೂತರೆ ಎಳೆಗಳನ್ನು ಒಳಗಿಂದಲೇ ಕೊಯ್ಯುತ್ತದೆ, ಸಮುದ್ರದ ದಂಡೆಯಿಂದ ಬಂದವರು ಇದನ್ನು ಮರೆಯಬಾರದು.

ಹೊರಡುವ ಮುನ್ನ ಮರದ ಬುಡ, ಗೂಟದ ಜಾಗ ನೋಡಿ ಕತ್ತರಿಸಿದ ತುಣುಕುಗಳನ್ನೆಲ್ಲಾ ಹೆಕ್ಕಿ ತನ್ನಿ. ಪ್ಲಾಸ್ಟಿಕ್ ಎಳೆ ದನ, ಜಿಂಕೆಗಳ ಹೊಟ್ಟೆ ಸೇರುತ್ತದೆ, ಕುಣಿಕೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಹಗ್ಗ ಬಣ್ಣ ಬಿಟ್ಟು, ಉಗುರಲ್ಲಿ ಕೆರೆದರೆ ಬಿಳಿ ಪುಡಿ ಉದುರುವಂತಾದರೆ ಅದನ್ನು ಅವರೆ ಚಪ್ಪರಕ್ಕೂ ಕಟ್ಟಬೇಡಿ, ಪುಡಿಯೆಲ್ಲಾ ಮಣ್ಣಿಗೆ ಬೀಳುತ್ತದೆ. ಒಣಕಸಕ್ಕೆ ಹಾಕಿ.